ಮೆಕ್ಸಿಕೋದ ರೊಟ್ಟಿ, ನಮ್ಮ ಹಂಚು



ಮನೆಯಲ್ಲಿ ಪರದೇಶದ ಅಡುಗೆ ಕಲಿಯುವುದು ಸರಿಯೇ, ತಪ್ಪೇ? ಇದೂ ಒಂದು ಪ್ರಶ್ನೆಯೇ ಎಂದು ನೀವು ನಗಬಹುದು. ಆದರೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಇದನ್ನು ಕೇಳಿದ ತಾಯಿ ನಗುತ್ತಿರಲಿಲ್ಲ. ಆಕೆಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ರಜೆಗೆಂದು ಕುಷ್ಟಗಿಯ ಕಡೆಯ ಊರಿಗೆ ಬಂದವಳು ಮೊಬೈಲನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಮೆಕ್ಸಿಕೋ ದೇಶದ ಅಡುಗೆ ಕಲಿಯಲು ಹೊರಟಿದ್ದಳು. ಪೊಟ್ಟಣದ ಗರಿಗರಿ ಟಾಕೋ, ಡಬ್ಬಿಯ ಸಾಸ್, ಚೀಸ್ ಎಲ್ಲವೂ ಬೆಂಗಳೂರಿನಿಂದಲೇ ಬಂದಿದ್ದವು. "ನಮ್ಮ ರೊಟ್ಟಿಗೆ ಏನ್ ಬಂದೈತ್ರಿ ಫಾದರ್? ಮನ್ಯಾಗ ಇರೋದು ಬಿಟ್ಟು ಇಲ್ಲದ್ದು ಬಯಸೋದು ಪಾಪ ಅಲ್ಲೇನ್ರಿ?" ಎಂದು ಆ ತಾಯಿ ಕೇಳಿದರು.

ಮೊದಲು ಪಾಪದ ಮಾತನ್ನೇ ತೆಗೆದುಕೊಳ್ಳೋಣ. ಮಹಾ ಸಂತ ಗ್ರೆಗರಿಯವರು ಹೊಟ್ಟೆಬಾಕತನದಲ್ಲಿ ಐದು ಬಗೆಗಳನ್ನು ಗುರುತಿಸಿದ್ದರು. ಸಂತ ತೋಮಾಸ್ ಅಕ್ವಿನಾಸರು ಅವುಗಳನ್ನು ಒಪ್ಪಿ ವಿವರಿಸಿದ್ದಾರೆ. ಹೊತ್ತಿಗೆ ಮುಂಚೆ ತಿನ್ನುವುದು, ಬೆಲೆಬಾಳುವುದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಹಸಿದ ತೋಳದಂತೆ ನುಂಗುವುದು ಇವು ನಾಲ್ಕು. ಐದನೆಯದು, ತಿನಿಸು ಹೀಗೇ ಇರಬೇಕು ಹಾಗೇ ಆಗಬೇಕು ಎಂದು ಅತಿ ನಾಜೂಕು ಮಾಡುವುದು. ಈ ಐದನೆಯದನ್ನು ಓದಿದಾಗಲೆಲ್ಲ ಪಲ್ಯಕ್ಕೆ ಉಪ್ಪು ಒಂದು ಚಿಟಿಕೆ ಕಡಿಮೆಯಾದರೆ ತಾಟು ಸರಿಸುವ ಗಂಡಸರ ನೆನಪು ನನಗೆ ಬರುತ್ತದೆ. ಅವರು ತಿನ್ನುವುದು ಅಪ್ಪಟ ಊರ ಅಡುಗೆಯನ್ನೇ! ಪಾಪವಿರುವುದು ಪದಾರ್ಥದಲ್ಲಲ್ಲ, ಆಸೆ ಹದ ತಪ್ಪುವುದರಲ್ಲಿ ಎಂಬುದು ತೋಮಾಸರ ನಿಲುವು. ಅವರಿಗೂ ಮುಂಚೆ ಸಂತ ಅಗುಸ್ತೀನರು ಇದನ್ನೇ ಬೇರೆ ರೀತಿಯಲ್ಲಿ ಹೇಳಿದ್ದರು. ಪ್ರವಾದಿ ಎಲೀಯ ಮಾಂಸ ತಿಂದೂ ಕೆಡಲಿಲ್ಲ. ಏಸಾವ ಕೆಟ್ಟದ್ದು ಬರೀ ಬೇಳೆಯ ಸಾರಿನ ಆಸೆಗೆ.

ಆದ್ದರಿಂದ ತಿನಿಸು ಮೆಕ್ಸಿಕೋದ್ದು ಎಂಬ ಒಂದೇ ಕಾರಣಕ್ಕೆ ಆ ಹುಡುಗಿಯನ್ನು ದೂರಲಾಗದು. ಹಾಗೆ ದೂರುವುದಾದರೆ ನಮ್ಮ ತಾಟಿನಲ್ಲಿ ಉಳಿಯುವುದು ಬಹಳ ಸ್ವಲ್ಪ. ಮೆಣಸಿನಕಾಯಿ ಮೆಕ್ಸಿಕೋ ಕಡೆಯದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಟೊಮೆಟೊ ಎಂದು ನಾವು ಸಂತೆಯಲ್ಲಿ ಕೂಗುವ ಹೆಸರೇ ಮೆಕ್ಸಿಕೋದ ಮೂಲನಿವಾಸಿಗಳ ನಹುವಾಟ್ಲ್ ನುಡಿಯ ಟೊಮಾಟ್ಲ್ ಎಂಬ ಮಾತಿನಿಂದ ಬಂದಿದೆ. ಶೇಂಗಾ, ಆಲೂಗಡ್ಡೆ, ಪೇರಲ, ಪಪ್ಪಾಯಿ, ಸೀತಾಫಲ ಎಲ್ಲವೂ ಅಮೆರಿಕ ಖಂಡಗಳಿಂದ ಸಮುದ್ರ ದಾಟಿದವು. ಶೇಂಗಾ ಇಲ್ಲದ ಎಣ್ಣೆಗಾಯಿ, ಹಸಿಮೆಣಸಿನಕಾಯಿ ಇಲ್ಲದ ಖಾರಬ್ಯಾಳಿಯನ್ನು ನೀವು ಊಹಿಸಬಲ್ಲಿರಾ? ಇನ್ನು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ಬಿಳಿಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದ ಧಾನ್ಯ. ಗಂಗಾವತಿಯನ್ನು ಇಂದು ಭತ್ತದ ಕಣಜ ಎನ್ನುತ್ತೇವೆ. 1950ರ ದಶಕದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬರುವ ಮುಂಚೆ ಅಲ್ಲಿಯ ಬಹಳಷ್ಟು ಹೊಲಗಳಲ್ಲಿ ಇದ್ದದ್ದು ಮಳೆ ನಂಬಿದ ಜೋಳ. ನವೆಂಬರ್ 2ರಂದು ಸಮಾಧಿಗಳ ಮೇಲೆ ನಾವಿಡುವ ಚೆಂಡುಹೂವಿನ ತವರೂ ಮೆಕ್ಸಿಕೋ. ಅದೇ ದಿನ, ಅದೇ ಹೂವನ್ನು ಅಲ್ಲಿಯ ಕಥೋಲಿಕರೂ ತಮ್ಮ ತೀರಿಹೋದವರಿಗೆ ಇಡುತ್ತಾರೆ.

ಇಷ್ಟಕ್ಕೇ ನಿಲ್ಲಿಸಿ, 'ಎಲ್ಲವೂ ಎಲ್ಲರದು, ಬೇಕಾದ್ದು ತಿನ್ನಿ' ಎಂದುಬಿಡುವುದು ಸುಲಭ. ಅಷ್ಟು ಸುಲಭವಾಗಿ ಬಿಡಲು ನನಗೆ ಮನಸ್ಸಿಲ್ಲ. ಈ ಪದಾರ್ಥಗಳು ಬಂದ ದಾರಿ ಒಳ್ಳೆಯದಾಗಿರಲಿಲ್ಲ. 1521ರಲ್ಲಿ ಸ್ಪೇನಿನ ಸೈನಿಕರು ಮೆಕ್ಸಿಕೋದ ರಾಜಧಾನಿಯನ್ನು ಕೆಡವಿ ಆ ನಾಡನ್ನು ಹಿಡಿದರು. ಅದೇ ಕಾಲದ ಹಡಗುಗಳಲ್ಲಿ ಮನುಷ್ಯರೂ ಸರಕಾಗಿ ಹೋದರು. ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬ ಹುಡುಗಿಯನ್ನು ಅಪಹರಿಸಿ, ಮನಿಲಾದಲ್ಲಿ ಮಾರಿ, ಮೆಕ್ಸಿಕೋಗೆ ಸಾಗಿಸಿದ್ದರು. ಕತರಿನಾ ದೆ ಸಾನ್ ಹುವಾನ್ ಎಂಬ ಕ್ರೈಸ್ತ ಹೆಸರಿನಲ್ಲಿ ಪುಯೆಬ್ಲಾ ನಗರದಲ್ಲಿ ಬಾಳಿದ ಆಕೆ 1688ರಲ್ಲಿ ತೀರಿಕೊಂಡಾಗ ಜನ ಆಕೆಯನ್ನು ಪುಣ್ಯವಂತೆ ಎಂದು ಕೊಂಡಾಡಿದರು. ಆಕೆ ಅಲ್ಲಿಗೆ ಹೋದದ್ದು ಮಾತ್ರ ತನ್ನ ಇಚ್ಛೆಯಿಂದಲ್ಲ.

ಇದನ್ನು ಕಂಡು ಎಚ್ಚೆತ್ತವರೂ ಇದ್ದರು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಗುರು ಕ್ಯೂಬಾದಲ್ಲಿ ಮೂಲನಿವಾಸಿಗಳನ್ನು ಜೀತಕ್ಕಿಟ್ಟುಕೊಂಡಿದ್ದರು. 1514ರಲ್ಲಿ ಪ್ರಬೋಧನೆಗೆ ಸಿದ್ಧತೆ ಮಾಡುವಾಗ ಅವರ ಕಣ್ಣು ಸಿರಾಖನ ಗ್ರಂಥದ 34ನೆಯ ಅಧ್ಯಾಯದ ಮೇಲೆ ನಿಂತಿತು. ಬಡವನ ರೊಟ್ಟಿಯೇ ಅವನ ಪ್ರಾಣ, ಅದನ್ನು ಕಸಿಯುವವನು ಕೊಲೆಗಡುಕ, ಬಡವರಿಂದ ಕಸಿದದ್ದನ್ನು ದೇವರಿಗೆ ಅರ್ಪಿಸಿದರೆ ದೇವರು ಮೆಚ್ಚುವುದಿಲ್ಲ ಎಂಬ ಅರ್ಥದ ಮಾತುಗಳು ಅಲ್ಲಿವೆ. ಅವರು ಜೀತದ ಜನರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಅವರ ಪರವಾಗಿ ವಾದಿಸುತ್ತ ಕಳೆದರು.

ಕಸಿದುಕೊಳ್ಳುವುದಕ್ಕೆ ಇನ್ನೊಂದು ರೂಪವಿದೆ. ಅದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೇಳಲೆಂದೇ ಈ ಲೇಖನ ಬರೆಯಲು ಕುಳಿತಿದ್ದೇನೆ.

ಮೆಕ್ಸಿಕೋದ ಅಡುಗೆಯ ಜೀವಾಳ ಗೋವಿನಜೋಳ. ಕುಷ್ಟಗಿ, ಯಲಬುರ್ಗಿಯ ಮಸಾರಿ ಹೊಲಗಳಲ್ಲಿ ನಾವು ಎಕರೆಗಟ್ಟಲೆ ಬೆಳೆದು, ಕೋಳಿಯ ಮೇವಿಗೆಂದು ಕ್ವಿಂಟಲ್ ಲೆಕ್ಕದಲ್ಲಿ ಮಾರಿಬಿಡುವ ಅದೇ ಕಾಳು. ಹಸಿ ತೆನೆ ಸುಟ್ಟು ತಿಂದದ್ದು ಬಿಟ್ಟರೆ ನಮ್ಮ ಅಡುಗೆಮನೆಗೆ ಅದು ಅಷ್ಟಾಗಿ ಬರುವುದಿಲ್ಲ. ಮೆಕ್ಸಿಕೋದ ತಾಯಂದಿರು ಅದನ್ನು ನೇರವಾಗಿ ಬೀಸುವುದಿಲ್ಲ. ಸುಣ್ಣ ಅಥವಾ ಬೂದಿ ಹಾಕಿದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು, ಆಮೇಲೆ ಹಿಟ್ಟು ಅರೆಯುತ್ತಾರೆ. ಮೂರು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ ಇದು. ಸುಣ್ಣದಿಂದ ಹಿಟ್ಟಿಗೆ ಜಿಗಿ ಬರುತ್ತದೆ, ರೊಟ್ಟಿ ಒಡೆಯುವುದಿಲ್ಲ. ಕಾಳಿನೊಳಗೆ ಮೈಗೆ ಹತ್ತದಂತೆ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವೂ ಬಿಡುಗಡೆಯಾಗುತ್ತದೆ. ಈ ಎರಡನೆಯ ಸಂಗತಿ ಆ ತಾಯಂದಿರಿಗೆ ರಸಾಯನ ಶಾಸ್ತ್ರದ ಭಾಷೆಯಲ್ಲಿ ತಿಳಿದಿರಲಿಲ್ಲ. ಹೀಗೆ ಮಾಡಬೇಕು ಎಂಬುದು ಮಾತ್ರ ತಾಯಿಯ ಕೈಯಿಂದ ಮಗಳ ಕೈಗೆ ತಪ್ಪದೆ ಬಂದಿತ್ತು.

ಹಡಗು ಹತ್ತಿದ್ದು ಕಾಳು. ಆ ಕೈ ಹಡಗು ಹತ್ತಲಿಲ್ಲ. ಯುರೋಪಿನಲ್ಲಿ ಗೋವಿನಜೋಳ ಚೆನ್ನಾಗಿ ಬೆಳೆಯಿತು, ಅಗ್ಗವಾಯಿತು, ಬಡವರ ಹೊಟ್ಟೆಯನ್ನು ತುಂಬಿತು. ಆದರೆ ಅದನ್ನೇ ಮೂರು ಹೊತ್ತೂ ಉಂಡ ಬಡವರಲ್ಲಿ ಒಂದು ವಿಚಿತ್ರ ರೋಗ ಕಾಣಿಸಿತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಕಪ್ಪಾಗಿ ಒರಟಾಗುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲಿ ಇದನ್ನು ವರ್ಣಿಸಿದರು. ಇಟಲಿಯವರು ಒರಟು ಚರ್ಮ ಎಂಬ ಅರ್ಥದಲ್ಲಿ ಪೆಲಗ್ರಾ ಎಂದು ಹೆಸರಿಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುಮಾರು ಒಂದು ಲಕ್ಷ ಜನ ಇದರಿಂದ ಸತ್ತರೆಂದು ಅಂದಾಜು. ಕಾಳು ಕೊಳೆತಿರಬೇಕು ಎಂದು ಕೆಲವರು, ಅಂಟುರೋಗವೆಂದು ಕೆಲವರು, ಬಡವರ ವಂಶವೇ ಕೆಟ್ಟದ್ದು ಎಂದು ಇನ್ನು ಕೆಲವರು ವಾದಿಸಿದರು. ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಇದು ಅಂಟುವುದಿಲ್ಲ ಎಂದು ತೋರಿಸಲು ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಕೊರತೆ ನಯಾಸಿನ್‌ನದು ಎಂದು ಖಚಿತವಾದದ್ದು 1937ರಲ್ಲಿ. ಕಸಾಲ್ ಬರೆದ ಮೇಲೆ ಇನ್ನೂರು ವರ್ಷ ಕಳೆದಿತ್ತು. ಆ ಇನ್ನೂರು ವರ್ಷವೂ ಮೆಕ್ಸಿಕೋದ ಹಳ್ಳಿಗಳಲ್ಲಿ ಹೆಂಗಸರು ಸುಣ್ಣದ ನೀರಿನಲ್ಲಿ ಕಾಳು ಕುದಿಸುತ್ತಲೇ ಇದ್ದರು. ಅವರನ್ನು ಕೇಳಬೇಕೆಂದು ಹೆಚ್ಚಿನವರಿಗೆ ತೋಚಲಿಲ್ಲ.

ಇದು ದೂರದ ಕಥೆಯೆಂದು ತಿಳಿಯಬೇಡಿ. ನಮ್ಮ ಹಳೆಯ ನಿಜಾಮ ಸೀಮೆಯ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ಇದೇ ಪೆಲಗ್ರಾವನ್ನು ಜೋಳದ ಮೇಲೆಯೇ ಬದುಕುತ್ತಿದ್ದ ಬಡವರಲ್ಲಿ ಕಂಡು ಅಧ್ಯಯನ ಮಾಡಿದರು. ರೊಟ್ಟಿಯ ಜೊತೆಗೆ ಕಾಳು, ಸೊಪ್ಪು, ಮಜ್ಜಿಗೆ ಇರಲೇಬೇಕು ಎಂದು ಅಜ್ಜಿಯರು ಹಟ ಹಿಡಿಯುತ್ತಿದ್ದುದಕ್ಕೆ ಅರ್ಥವಿತ್ತು. ಆ ಕಾಳು, ಸೊಪ್ಪು ಕೊಳ್ಳಲಾಗದೆ ಬರೀ ರೊಟ್ಟಿ ಖಾರ ತಿಂದವರ ಪಾಡು ಬೇರೆಯಾಗಿತ್ತು.

ಸಂತ ತೋಮಾಸರು ವಿವೇಕ ಎಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಒಂದನ್ನು ದೊಚಿಲಿತಾಸ್ ಎಂದು ಕರೆಯುತ್ತಾರೆ. ಕಲಿಸಿಕೊಳ್ಳುವ ಮನಸ್ಸು ಎಂದು ಅದರ ಅರ್ಥ. ಬಾಳಿನ ವ್ಯವಹಾರಗಳು ಲೆಕ್ಕವಿಲ್ಲದಷ್ಟು ಬಗೆಯವು, ಒಬ್ಬನ ಬುದ್ಧಿಗೆ ಅವೆಲ್ಲ ನಿಲುಕವು. ಆದ್ದರಿಂದ ಎಷ್ಟೇ ಓದಿದವನೂ ಇನ್ನೊಬ್ಬರಿಂದ, ಅದರಲ್ಲೂ ಹಿರಿಯರಿಂದ, ಕಲಿಯಲೇಬೇಕು ಎನ್ನುತ್ತಾರೆ ಅವರು. ಸೆಮಿನರಿಯಲ್ಲಿ ಇದನ್ನು ಓದುವಾಗ ನಮಗೆ ಹಿರಿಯರೆಂದರೆ ಪುಸ್ತಕ ಬರೆದ ಹಿರಿಯರೆಂದೇ ಅನಿಸುತ್ತಿತ್ತು. ಒಲೆಯ ಮುಂದೆ ಕುಳಿತವರೂ ಆ ಲೆಕ್ಕಕ್ಕೆ ಸೇರುತ್ತಾರೆ ಎಂದು ಯಾರೂ ಹೇಳಿಕೊಡಲಿಲ್ಲ.

ಹೀಗೆ ಕಲಿಸಿಕೊಂಡ ಒಬ್ಬ ಗುರುವನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿಸ್ಕನ್ ಸಭೆಯ ಬೆರ್ನಾರ್ದಿನೋ ದೆ ಸಹಗೂನ್ 1529ರಲ್ಲಿ ಮೆಕ್ಸಿಕೋಗೆ ಹೋದರು. ನಹುವಾಟ್ಲ್ ಕಲಿತು, ಅಲ್ಲಿಯ ಹಿರಿಯರನ್ನು ಕೂರಿಸಿಕೊಂಡು ಅವರ ಬದುಕನ್ನು ಅವರದೇ ಮಾತಿನಲ್ಲಿ ಹನ್ನೆರಡು ಸಂಪುಟಗಳಾಗಿ ಬರೆಸಿದರು. ಸಂತೆಯಲ್ಲಿ ಟೊಮೆಟೊ ಮಾರುವವಳು, ಒಳ್ಳೆಯ ರೊಟ್ಟಿ ಮಾರುವವಳು, ಹಳಸಿದ್ದನ್ನು ಮಾರಿ ಮೋಸ ಮಾಡುವವಳು ಸಹ ಅದರಲ್ಲಿದ್ದಾರೆ. ಆದರೆ ಆ ಗ್ರಂಥ ಅಚ್ಚಾದದ್ದು 1829ರಿಂದೀಚೆಗೆ. ಬರೆದವರು ಇದ್ದರು, ಓದುವವರು ಇರಲಿಲ್ಲ.

ಈಗ ಕುಷ್ಟಗಿಯ ಆ ಮನೆಗೆ ಬರೋಣ. ಮಗಳು ಹೊಸ ಅಡುಗೆ ಕಲಿಯಲು ಹೊರಟದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಪೊಟ್ಟಣದಲ್ಲಿ ಕಲಿಯುವುದಕ್ಕೆ ಏನಿದೆ ಎಂಬುದಷ್ಟೇ ನನ್ನ ಸಂಶಯ. ಆ ಮಡಚಿದ ಗರಿಗರಿ ಟಾಕೋ ಮೆಕ್ಸಿಕೋದ ಮನೆಗಳದ್ದಕ್ಕಿಂತ ಹೆಚ್ಚಾಗಿ ಅಮೆರಿಕದ ಅಂಗಡಿಗಳದ್ದು. ಮೆಕ್ಸಿಕೋದ ಹಳ್ಳಿಯ ಊಟವೆಂದರೆ ಹಂಚಿನ ಮೇಲೆ ಸುಟ್ಟ ಮೆತ್ತನೆಯ ರೊಟ್ಟಿ, ಬೇಯಿಸಿದ ಕಾಳು, ಕಲ್ಲಿನಲ್ಲಿ ಅರೆದ ಮೆಣಸಿನಕಾಯಿ ಟೊಮೆಟೊ ಚಟ್ನಿ. ಇದು ಯಾರ ಮನೆಯ ಊಟದಂತೆ ಕೇಳಿಸುತ್ತದೆ, ನೀವೇ ಹೇಳಿ. ಅಲ್ಲಿಯ ಹೆಂಗಸರೂ ಎರಡು ಕೈಯ ನಡುವೆ ಪಟಪಟ ಬಡಿದೇ ರೊಟ್ಟಿ ಮಾಡುತ್ತಿದ್ದರು. ಹಿಟ್ಟಿಗೆ ನೀರು ಎಷ್ಟು ಬೇಕು, ಅಂಚು ಏಕೆ ಬಿರಿಯುತ್ತದೆ, ಹಂಚು ಕಾದದ್ದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮೊಬೈಲ್ ಹೇಳಲಾರದು. ಮೂವತ್ತು ವರ್ಷ ಎಸರಿಟ್ಟು ಜೋಳದ ಹಿಟ್ಟು ನಾದಿದ ಕೈ ಹೇಳಬಲ್ಲದು. ಆ ಕೈ ಮಗಳ ಪಕ್ಕದಲ್ಲೇ, ಮುನಿಸಿಕೊಂಡು ನಿಂತಿತ್ತು.

"ಅಜ್ಜಿಯ ಎಲೆಅಡಿಕೆ ಚೀಲದಾಗಿನ ಸುಣ್ಣದ ಡಬ್ಬಿ ಮಗಳಿಗೆ ಕೊಡ್ರಿ, ಇಬ್ಬರೂ ಕೂಡಿ ಮಾಡ್ರಿ" ಎಂದು ಆ ತಾಯಿಗೆ ಹೇಳಿದೆ. ಅವರು ಮಾಡಿದರು ಎಂದು ಆಮೇಲೆ ತಿಳಿಯಿತು. ಮಾಡಬೇಕೆನ್ನುವವರಿಗಾಗಿ ಕ್ರಮವನ್ನು ಇಲ್ಲಿ ಕೊಡುತ್ತೇನೆ. ಅರ್ಧ ಕಿಲೋ ಒಣ ಗೋವಿನಜೋಳಕ್ಕೆ ಒಂದೂವರೆ ಲೀಟರ್ ನೀರು, ಎಲೆಗೆ ಹಚ್ಚುವ ಬಿಳಿ ಸುಣ್ಣ ಎರಡು ಚಹಾ ಚಮಚ. ಗೋಡೆಗೆ ಬಳಿಯುವ ಸುಣ್ಣ ಬೇಡ. ಸ್ಟೀಲ್ ಪಾತ್ರೆಯಲ್ಲೇ ಕುದಿಸಿ, ಅಲ್ಯುಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಕುದಿದ ಮೇಲೆ ಇಳಿಸಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಕೈಯಿಂದ ಉಜ್ಜಿದರೆ ಸಿಪ್ಪೆ ಬಿಡುತ್ತದೆ. ಮೂರು ನಾಲ್ಕು ನೀರಿನಲ್ಲಿ ತೊಳೆದು, ಆದಷ್ಟು ಕಡಿಮೆ ನೀರು ಹಾಕಿ ಗಟ್ಟಿಯಾಗಿ ರುಬ್ಬಿ, ಉಪ್ಪು ಸೇರಿಸಿ ನಾದಿ, ಬಡಿದು, ಕಾದ ಹಂಚಿಗೆ ಹಾಕಿ. ಒಂದು ಎಚ್ಚರಿಕೆ: ಬಿತ್ತನೆಗೆಂದು ತಂದ ಬಣ್ಣ ಹಚ್ಚಿದ ಬೀಜವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಅದಕ್ಕೆ ವಿಷ ಲೇಪಿಸಿರುತ್ತಾರೆ. ಬೂಷ್ಟು ಹಿಡಿದ ಕಾಳೂ ಬೇಡ. ಚಟ್ನಿಗೆ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗಳನ್ನು ಅದೇ ಹಂಚಿನ ಮೇಲೆ ಕಪ್ಪಾಗುವಂತೆ ಸುಟ್ಟು, ಉಪ್ಪು ಕೊತ್ತಂಬರಿ ಹಾಕಿ ಕಲ್ಲಿನಲ್ಲಿ ಅರೆದರಾಯಿತು. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ ನಮ್ಮ ದಿಕ್ಕಿನಿಂದ ಅವರಿಗೆ ಹೋದವು!

ಗಂಡಸರಿಗೆ ಒಂದು ಮಾತು. ಮೆಕ್ಸಿಕೋದ ಹೆಂಗಸರು ಮೊಣಕಾಲೂರಿ ಕುಳಿತು ಚಪ್ಪಟೆ ಕಲ್ಲಿನ ಮೇಲೆ ದಿನಕ್ಕೆ ನಾಲ್ಕೈದು ತಾಸು ಹಿಟ್ಟು ಅರೆಯುತ್ತಿದ್ದರು. ಕಳೆದ ಶತಮಾನದಲ್ಲಿ ಹಳ್ಳಿಗಳಿಗೆ ಹಿಟ್ಟಿನ ಗಿರಣಿ ಬಂದಾಗ ಕೆಲವು ಕಡೆ ಗಂಡಸರೇ ಅಡ್ಡ ಬಂದರು. ಗಿರಣಿ ಹಿಟ್ಟಿನ ರೊಟ್ಟಿಗೆ ರುಚಿಯಿಲ್ಲ ಎಂದರು, ಹೆಂಗಸರು ಹೊರಗೆ ಹೋಗಿ ಕೆಡುತ್ತಾರೆ ಎಂದರು. ಅರೆಯುವ ಕಲ್ಲಿನ ಮುಂದೆ ಒಂದು ದಿನವೂ ಕೂರದವರಿಗೆ ಎಷ್ಟೊಂದು ರುಚಿಪ್ರಜ್ಞೆ! ನಮ್ಮ ಮನೆಗಳಲ್ಲಿ ಬಿಸಿ ರೊಟ್ಟಿ ಮೊದಲು ಯಾರ ತಾಟಿಗೆ ಬೀಳುತ್ತದೆ, ಆರಿದ ಕೊನೆಯ ರೊಟ್ಟಿಯನ್ನು ಎಲ್ಲರ ಊಟವಾದ ಮೇಲೆ ಯಾರು ತಿನ್ನುತ್ತಾರೆ ಎಂಬುದನ್ನು ಮುಂದಿನ ಸಲ ಪಾಪನಿವೇದನೆಗೆ ಬರುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಮಗಳು ಮೆಕ್ಸಿಕೋ ಅಡುಗೆ ಕಲಿಯುತ್ತಾಳೆ ಎಂದು ಚಿಂತಿಸುವ ಮನೆಯಲ್ಲಿ ಮಗ ಯಾವ ಅಡುಗೆಯನ್ನೂ ಕಲಿಯಲಿಲ್ಲ ಎಂಬ ಚಿಂತೆ ಏಕಿಲ್ಲ ಎಂಬುದೂ ಒಂದು ಪ್ರಶ್ನೆಯೇ.

ಪರರ ರೊಟ್ಟಿ ನಮಗೇಕೆ ಎನ್ನುವವರು ಬಲಿಪೀಠದ ಕಡೆಗೂ ನೋಡಬೇಕು. ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ನಿಯಮದಂತೆ ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕು. ಮೆಕ್ಸಿಕೋದಲ್ಲಿ ಗೋವಿನಜೋಳದ್ದಾಗಲಿ, ನಮ್ಮಲ್ಲಿ ಜೋಳದ್ದಾಗಲಿ ಸಲ್ಲುವುದಿಲ್ಲ. ಇದು ಅನ್ಯಾಯವಲ್ಲವೇ ಎಂದು ಯುವಕರು ಕೇಳುವುದುಂಟು. ನನಗೆ ಹಾಗೆ ಅನಿಸುವುದಿಲ್ಲ. ಒಂದು ಯೆಹೂದ್ಯ ಮನೆಯ ಪಾಸ್ಕದ ಊಟದಲ್ಲಿ ಪ್ರಭು ಯೇಸು ಕೈಯಲ್ಲಿ ಹಿಡಿದ ರೊಟ್ಟಿ ಅದು. ನಾವು, ಕೊಪ್ಪಳದವರೂ ಮೆಕ್ಸಿಕೋದವರೂ, ಆ ಮನೆಗೆ ಆಮೇಲೆ ಬಂದ ಅತಿಥಿಗಳು. ಸಂತ ಪೌಲರ ಮಾತಿನಲ್ಲಿ ಕಸಿ ಕಟ್ಟಿದ ಕಾಡು ಕೊಂಬೆಗಳು. ಪ್ರಭು ರೊಟ್ಟಿಯನ್ನು ಕೊಟ್ಟು ಸುಮ್ಮನಾಗಲಿಲ್ಲ, ಮಾಡುವ ಕ್ರಮವನ್ನೂ ಒಪ್ಪಿಸಿದರು. ಪೌಲರು ತಾವು ಪಡೆದದ್ದನ್ನೇ ಕೊರಿಂಥದವರಿಗೆ ದಾಟಿಸುತ್ತಿದ್ದೇನೆ ಎನ್ನುತ್ತಾರೆ. ಕಾಳು ಮಾತ್ರ ಬಂದು ಕೈ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಯುರೋಪಿನ ಬಡವರು ಚರ್ಮದ ಮೇಲೆ ಅನುಭವಿಸಿದರು. ವಿಶ್ವಾಸವೂ ನಮ್ಮ ತಾಲೂಕುಗಳಿಗೆ ಪುಸ್ತಕದ ಮೂಲಕ ಮಾತ್ರ ಬರಲಿಲ್ಲ. ಯಾರೋ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು, ನಾವು ಬಡಿಸಿದ್ದನ್ನು ಉಂಡು, ಶಿಲುಬೆಯ ಗುರುತು ಹಾಕುವುದನ್ನು ಬೆರಳು ಹಿಡಿದು ಕಲಿಸಿದರು. ಬಡಿಸಿದ್ದನ್ನು ಉಣ್ಣಿ ಎಂದು ಯೇಸು ಎಪ್ಪತ್ತೆರಡು ಶಿಷ್ಯರಿಗೆ ಹೇಳಿ ಕಳಿಸಿದ್ದು ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿದೆ.

ಮೆಕ್ಸಿಕೋದಲ್ಲಿ ಒಂದು ಚೆಂದದ ರೂಢಿಯಿದೆ. ಮೂವರು ಜ್ಞಾನಿಗಳ ಹಬ್ಬದ ದಿನ ದೊಡ್ಡ ಬ್ರೆಡ್ಡಿನೊಳಗೆ ಬಾಲಯೇಸುವಿನ ಪುಟ್ಟ ಗೊಂಬೆಯನ್ನು ಅಡಗಿಸಿ ಬೇಯಿಸುತ್ತಾರೆ. ಯಾರ ತುಂಡಿನಲ್ಲಿ ಗೊಂಬೆ ಸಿಗುತ್ತದೋ ಅವರು ಫೆಬ್ರವರಿ 2ರಂದು, ಮೇಣದಬತ್ತಿಗಳ ಆಶೀರ್ವಾದದ ಹಬ್ಬಕ್ಕೆ, ಎಲ್ಲರಿಗೂ ತಮಾಲೆ ಮಾಡಿ ಬಡಿಸಬೇಕು. ತಮಾಲೆ ಎಂದರೆ ಇದೇ ಸುಣ್ಣದ ನೀರಿನ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಒಂದು ಬಗೆಯ ಕಡುಬು. ಬರುವ ಫೆಬ್ರವರಿ 2ರಂದು ನಮ್ಮ ದೇವಾಲಯದ ಅಂಗಳದಲ್ಲಿ ಇದನ್ನು ಮಾಡಿ ನೋಡುವ ಆಸೆ ನನಗಿದೆ. ಕಾಳು ಕೊಡಲು ಯಲಬುರ್ಗಿಯ ಒಬ್ಬ ರೈತರು ಒಪ್ಪಿದ್ದಾರೆ. ಹಿಂದಿನ ರಾತ್ರಿ ಕುದಿಸುವುದಕ್ಕೆ ಇಬ್ಬರು ಅಜ್ಜಿಯರು ಬೇಕು, ಬೆಳಿಗ್ಗೆ ಸಿಪ್ಪೆ ತೊಳೆಯಲು ಯುವಕರು. ಚಟ್ನಿ ನಾನು ಅರೆಯುತ್ತೇನೆ. ಖಾರ ಹೆಚ್ಚಾದರೆ ಮಜ್ಜಿಗೆ ನೀವು ತನ್ನಿ.